ತೋಟ ಅಗೆದ ದೊರೆಯ ಅಪರಾಧ

ಅಲೆಕ್ಸಾಂಡರನ ಉತ್ತರಾಧಿಕಾರಿಗಳು ಕಟ್ಟಿದ ರಾಜ್ಯಗಳು ರೋಮಿನ ದಂಡು ಬರುವ ಹೊತ್ತಿಗಾಗಲೇ ಒಳಗಿನಿಂದ ಕೊಳೆತಿದ್ದವು, ರೋಮ್ ಬಂದು ಹೆಣ ಸಾಗಿಸಿತು ಅಷ್ಟೆ. ಈ ತೀರ್ಪನ್ನು ಇವತ್ತಿಗೂ ಇತಿಹಾಸದ ಪುಸ್ತಕಗಳು ಮಗ್ಗಿಯಂತೆ ಒಪ್ಪಿಸುತ್ತಿವೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೆಲೆನಿಸ್ಟಿಕ್ ದೊರೆಗಳ ನಡತೆಯ ಬಗ್ಗೆ ಸಾಕ್ಷಿ ಹೇಳುವವರಲ್ಲಿ ಹೆಚ್ಚಿನವರು ಅವರ ಆಸ್ತಿಯನ್ನು ನುಂಗಿದವರ ಮನೆಯವರು. ಅಂಥ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಅಡ್ಡಪ್ರಶ್ನೆ ಹಾಕದೆ ಒಪ್ಪುವುದಿಲ್ಲ.

ರೋಮನ್ ಇತಿಹಾಸಕಾರ ಲಿವಿಯ ವಿಷಯ ಬೇಗ ಮುಗಿಸುತ್ತೇನೆ. ಮ್ಯಾಸಿಡೋನಿಯದ ಕೊನೆಯ ದೊರೆ ಪರ್ಸಿಯಸ್ ಎಂಥ ಜಿಪುಣ ಎಂದು ಹೇಳಿ ಹೇಳಿ ಅವನಿಗೆ ದಣಿವಿಲ್ಲ. ಇಲಿರಿಯದ ಗೆಂಟಿಯಸ್‌ಗೆ 300 ಟ್ಯಾಲೆಂಟ್ ಕೊಡುತ್ತೇನೆಂದು ಮಾತು ಕೊಟ್ಟು, ಮುಂಗಡವಾಗಿ 10 ಕೊಟ್ಟು, ಅವನು ರೋಮಿನ ಮೇಲೆ ತಿರುಗಿಬಿದ್ದ ಕೂಡಲೇ ಉಳಿದದ್ದನ್ನು ತಡೆಹಿಡಿದ ಕಥೆ ಓದುಗರಿಗೆ ಗೊತ್ತೇ ಇದೆ. ಹೌದು, ಅದು ನೀಚ ಕೆಲಸ. ಆದರೆ ಪರ್ಸಿಯಸ್ ಸೋತ ಪಿಡ್ನಾ ಯುದ್ಧದ ಮರುವರ್ಷ, ಕ್ರಿ.ಪೂ. 167ರಲ್ಲಿ, ರೋಮನ್ನರು ಎಪಿರಸ್ಸಿನ ಸುಮಾರು 70 ಊರುಗಳನ್ನು ಸೂರೆಗೊಟ್ಟು 1,50,000 ಜನರನ್ನು ಗುಲಾಮರಾಗಿ ಮಾರಿದ್ದನ್ನು ಇದೇ ಲಿವಿ ಕೆಲವೇ ಸಾಲುಗಳಲ್ಲಿ ದಾಟಿಬಿಡುತ್ತಾನೆ. ದುರಾಸೆ ಎಂಬ ಗುಣವಾಚಕ ಆ ಸಾಲುಗಳ ಹತ್ತಿರ ಸುಳಿಯುವುದಿಲ್ಲ.

ಲಿವಿಯನ್ನು ಬಿಟ್ಟುಕೊಡಲು ವಿದ್ವಾಂಸರೂ ಸಿದ್ಧರಿದ್ದಾರೆ. ಅವರು ಆತುಕೊಳ್ಳುವುದು ಪಾಂಪಿಯಸ್ ಟ್ರೋಗಸ್‌ನನ್ನು. ಗಾಲ್ ಮೂಲದವನು, ಅಗಸ್ಟಸನ ಕಾಲದವನು. ಮ್ಯಾಸಿಡೋನಿಯದ ಫಿಲಿಪ್ಪನ ಹೆಸರು ಹೊತ್ತ 44 ಸಂಪುಟಗಳ ಇತಿಹಾಸದಲ್ಲಿ ರೋಮನ್ನು ಅಂಚಿಗೆ ತಳ್ಳಿ ಗ್ರೀಕ್ ದೊರೆಗಳನ್ನು ನಡುವೆ ಕೂರಿಸಿದವನು. ಇಂದು ನಮಗೆ ಉಳಿದಿರುವುದು ಜಸ್ಟಿನ್ ಮಾಡಿದ ಸಂಗ್ರಹ ಮಾತ್ರ. ರೋಮನ್ನು ಹಿಗ್ಗಾಮುಗ್ಗಾ ಬೈಯುವ ಅದರ ಶತ್ರುದೊರೆ ಮಿತ್ರಿದಾತನ ದೊಡ್ಡ ಭಾಷಣ ಅದರಲ್ಲಿದೆ. ಅದನ್ನೇ ತೋರಿಸಿ ಟ್ರೋಗಸ್ ನಿಷ್ಪಕ್ಷಪಾತಿ ಎನ್ನುತ್ತಾರೆ. ಶತ್ರುವಿನ ಬಾಯಲ್ಲಿ ಖಾರದ ಮಾತು ಇಡುವುದು ರೋಮಿನ ಪಾಠಶಾಲೆಗಳ ಹಳೆಯ ಕಸರತ್ತು. ಅದೇ ಮಿತ್ರಿದಾತನ ಹೆಸರಿನಲ್ಲಿ ಸಾಲಸ್ಟ್ ಕೂಡ ಪತ್ರ ಬರೆದಿದ್ದಾನೆ. ಇತಿಹಾಸಕಾರನನ್ನು ಅಳೆಯಬೇಕಾದದ್ದು ಅವನು ಸ್ವಂತ ದನಿಯಲ್ಲಿ ಏನು ಹೇಳುತ್ತಾನೆ ಎಂಬುದರಿಂದ. ಆ ದನಿ ಪೆರ್ಗಮನ್ನಿನ ಮೂರನೆಯ ಅಟ್ಟಲಸ್‌ನ ಬಗ್ಗೆ ಹೇಳುವುದನ್ನು ಕೇಳಬೇಕು.

ಕ್ರಿ.ಪೂ. 138ರಿಂದ 133ರವರೆಗೆ ಆಳಿದ ಈ ದೊರೆ, ಜಸ್ಟಿನ್ ಪ್ರಕಾರ, ಬಂಧುಮಿತ್ರರನ್ನು ಕೊಲ್ಲಿಸಿ, ಆಮೇಲೆ ಕೊಳಕು ಬಟ್ಟೆ ಉಟ್ಟು, ಗಡ್ಡ ತಲೆಗೂದಲು ಬೆಳೆಸಿ ಕುಳಿತ. ರಾಜ್ಯಭಾರ ಬಿಟ್ಟು ತೋಟ ಅಗೆದ. ಒಳ್ಳೆಯ ಸೊಪ್ಪಿನ ಜೊತೆ ವಿಷದ ಸೊಪ್ಪು ಬೆರೆಸಿ ಗೆಳೆಯರಿಗೆ ಉಡುಗೊರೆ ಕಳಿಸಿದ. ಅಲ್ಲಿಂದ ಮೇಣದ ಗೊಂಬೆ, ಕಂಚಿನ ಎರಕ. ಕೊನೆಗೆ ತಾಯಿಗೆ ಸಮಾಧಿ ಕಟ್ಟುತ್ತ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಏಳನೆಯ ದಿನ ಸತ್ತ. ರಾಜ್ಯವನ್ನು ರೋಮಿನ ಜನತೆಯ ಹೆಸರಿಗೆ ಬರೆದಿಟ್ಟಿದ್ದ. ಹುಚ್ಚು ದೊರೆ, ಹುಚ್ಚು ಉಯಿಲು, ರೋಮ್ ನಿರಪರಾಧಿ: ಕಥೆ ಎಷ್ಟು ಸಲೀಸಾಗಿ ಕೂಡಿಬರುತ್ತದೆ ನೋಡಿ.

ಅಟ್ಟಲಸ್‌ನ ಮೇಲೆ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಕೊಲೆಯ ಆರೋಪ ಡಯೊಡೋರಸ್‌ನಲ್ಲೂ ಇದೆ. ಅದನ್ನು ಸುಳ್ಳೆಂದು ಸಾಧಿಸಲಾರೆ. ನನ್ನ ತಕರಾರು ತೋಟದ ಬಗ್ಗೆ. ಸಿನ್ಸಿನಾಟಸ್ ಹೊಲದಲ್ಲಿ ಬೆವರುತ್ತಿದ್ದಾಗ ಕರೆ ಬಂತೆಂದರೆ ಅದು ರೋಮಿನ ಪುಣ್ಯಕಥೆ. ಕೇಟೋ ಎಣ್ಣೆ, ದ್ರಾಕ್ಷಿ, ಕೋಸಿನ ಬಗ್ಗೆ ಬರೆದರೆ ಅದು ಪೂರ್ವಿಕರ ಸದಾಚಾರ. ಕಾರ್ತೇಜ್ ಬಿದ್ದ ಮೇಲೆ ಮಾಗೋನ ಕೃಷಿಗ್ರಂಥವನ್ನು ಲ್ಯಾಟಿನ್ನಿಗೆ ತರಿಸಲು ಸೆನೆಟ್ಟೇ ಆಜ್ಞೆ ಹೊರಡಿಸಿತು. ಪೆರ್ಗಮನ್ನಿನ ದೊರೆ ಗುದ್ದಲಿ ಹಿಡಿದರೆ ಮಾತ್ರ ತಲೆ ಕೆಟ್ಟಿದೆ ಎನ್ನುತ್ತಾರೆ. ಆದರೆ ವಾರೋ ತನ್ನ ಕೃಷಿಗ್ರಂಥದ ಮೊದಲಿಗೆ ಗೌರವದಿಂದ ಹೆಸರಿಸುವ ಗ್ರೀಕ್ ಲೇಖಕರಲ್ಲಿ ಇದೇ ಅಟ್ಟಲಸ್ ಇದ್ದಾನೆ. ಕೊಲುಮೆಲ್ಲನೂ ಅವನನ್ನು ಹೆಸರಿಸುತ್ತಾನೆ. ಅವನ ಔಷಧಗಳನ್ನು ಗ್ಯಾಲೆನ್ ಬಲ್ಲ. ಜಮೀನು ನೋಡಿಕೊಳ್ಳುವ ರೋಮನ್ನನಿಗೆ ಅವನು ಗುರು, ಇತಿಹಾಸ ಬರೆಯುವ ರೋಮನ್ನನಿಗೆ ಹುಚ್ಚ.

ಅವನ ನಾಡಿನ ಶಾಸನಗಳಲ್ಲಿ ಇನ್ನೊಬ್ಬ ಅಟ್ಟಲಸ್ ಇದ್ದಾನೆ. ಒಂದರಲ್ಲಿ ಅವನು ಯುದ್ಧ ಗೆದ್ದು ಮರಳುತ್ತಾನೆ. ಅಸ್ಕ್ಲೀಪಿಯಸ್ ದೇವರ ಗುಡಿಯಲ್ಲಿ ಐದು ಮೊಳದ ಪ್ರತಿಮೆ ನಿಲ್ಲಿಸಲು ಪ್ರಜೆಗಳು ನಿರ್ಣಯಿಸುತ್ತಾರೆ. ಅವನು ಸತ್ತ ಬೆನ್ನಲ್ಲೇ ಹೊರಟ ಇನ್ನೊಂದರಲ್ಲಿ, ತಮ್ಮ ನಗರವನ್ನು ಅವನು ಉಯಿಲಿನಲ್ಲಿ ಸ್ವತಂತ್ರವಾಗಿ ಬಿಟ್ಟುಹೋದನೆಂದು ಪೆರ್ಗಮನ್ನಿನವರು ಹೇಳಿಕೊಳ್ಳುತ್ತಾರೆ. ಹೊಗಳಿಕೆಯ ಶಾಸನವನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ, ನಿಜ. ತೆಗಳಿಕೆಯ ಗ್ರಂಥಕ್ಕೂ ಅದೇ ನಿಯಮ ಹಾಕಿ ಎಂದಷ್ಟೇ ನಾನು ಕೇಳುವುದು.

ವಿಷದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ರೋಮಿನ ವಾರಸಿಕೆಯನ್ನು ಒಪ್ಪದೆ, ಪೆರ್ಗಮನ್ನಿನ ಸಿಂಹಾಸನ ತನ್ನದೆಂದು ಅರಿಸ್ಟೊನಿಕಸ್ ಎಂಬವನು ದಂಗೆ ಎದ್ದ. ಅದನ್ನು ಕೊನೆಗೊಳಿಸಿದ ಕಾನ್ಸಲ್ ಮಾನಿಯಸ್ ಅಕ್ವಿಲಿಯಸ್ ಊರುಗಳನ್ನು ಮಣಿಸಲು ನೀರಿನ ಸೆಲೆಗಳಿಗೆ ವಿಷ ಹಾಕಿಸಿದನೆಂದು ಫ್ಲೋರಸ್ ಬರೆಯುತ್ತಾನೆ, ಬರೆದು ನಾಚಿಕೊಳ್ಳುತ್ತಾನೆ. ಫ್ಲೋರಸ್‌ನನ್ನು ಎರಡನೆಯ ದರ್ಜೆಯವನೆಂದು ತಳ್ಳುವವರ ಜೊತೆ ನಾನು ಸೇರಲಾರದ್ದು ಈ ಒಂದು ವಾಕ್ಯಕ್ಕಾಗಿ. ಅರಮನೆಯ ಗೋಡೆಯೊಳಗಿನ ವಿಷದ ತೋಟ ಎಲ್ಲರ ಬಾಯಲ್ಲಿದೆ. ಊರ ಜನ ಕುಡಿಯುವ ನೀರಿಗೆ ಬಿದ್ದ ವಿಷ ಅಡಿಟಿಪ್ಪಣಿಯಲ್ಲಿದೆ.

ಕೊಳೆತುಹೋಗಿತ್ತು ಎಂಬ ಈ ಮಾತು ಇತಿಹಾಸ ದಾಟಿ ಕಲೆಗೂ ಹಬ್ಬಿತು. ಅಲ್ಲಿ ಅದು ಮಾಡಿದ ಹಾನಿ ಇನ್ನೂ ದೊಡ್ಡದು. ಕಂಚಿನ ಶಿಲ್ಪಕಲೆ 121ನೆಯ ಒಲಿಂಪಿಯಾಡ್‌ಗೆ ನಿಂತುಹೋಯಿತು, 156ನೆಯದರಲ್ಲಿ ಮತ್ತೆ ಚಿಗುರಿತು ಎಂದು ಪ್ಲಿನಿ ಬರೆದ. ಅಂದರೆ ಕ್ರಿ.ಪೂ. 296ರಿಂದ ಹತ್ತಿರ ಹತ್ತಿರ ನೂರನಲವತ್ತು ವರ್ಷ ಕಲೆಯೇ ಇರಲಿಲ್ಲ! ಪೆರ್ಗಮನ್ನಿನ ಪ್ರಸಿದ್ಧ ಶಿಲ್ಪವಾದ ಸಾಯುತ್ತಿರುವ ಗಾಲ್ ಯೋಧನ ಮೂಲ ಕಂಚು ಎರಕಗೊಂಡದ್ದು ಆ ವರ್ಷಗಳಲ್ಲೇ. ಪೆರ್ಗಮನ್ನಿನ ದೊಡ್ಡ ಬಲಿಪೀಠದ ಮೇಲೆ ದೇವತೆಗಳೂ ದೈತ್ಯರೂ ಮೈಗೆ ಮೈ ತೆಕ್ಕೆಬಿದ್ದು ಹೊರಳಾಡಿದ್ದೂ ಆಗಲೇ. ಸಮಚಿತ್ತವೇ ಸೌಂದರ್ಯ, ನೋವು ಕಿರುಚಿದರೆ ಅದು ಅತಿರೇಕ ಎನ್ನುವ ರಸಿಕರು ಇಂದಿಗೂ ಈ ಕಲ್ಲುಗಳ ಮುಂದೆ ಮೂಗು ಮುರಿಯುತ್ತಾರೆ. ಸೋಲುವ ಶತ್ರುವಿನ ಮುಖದಲ್ಲಿ ಅಷ್ಟೊಂದು ನೋವು ಕೆತ್ತಲು ಒಪ್ಪಿದ ರಾಜವಂಶವನ್ನು ಅವನತಿಯ ವಂಶ ಎನ್ನಲು ನನಗೆ ಬಾಯಿ ಬರುವುದಿಲ್ಲ.

ರೋಮನ್ನರಿಗೂ ಆ ಕಲೆ ಬೇಡವಾಗಿರಲಿಲ್ಲ. ಏಷ್ಯಾದ ಭೋಗವೇ ರೋಮಿನ ಸೈನಿಕರನ್ನು ಕೆಡಿಸಿತೆಂದು ಬರೆದ ಸಾಲಸ್ಟ್ ರೋಮಿನಲ್ಲಿ ದೊಡ್ಡ ಉದ್ಯಾನ ಮಾಡಿಸಿಕೊಂಡಿದ್ದ. ಆ ನೆಲದಲ್ಲಿ ಮುಂದೆ ಲುಡೊವಿಸಿ ಮನೆತನದ ಬಂಗಲೆ ಎದ್ದಿತು. ಅವರ ಸಂಗ್ರಹದ 1623ರ ಪಟ್ಟಿಯಲ್ಲಿ ಆ ಗಾಲ್ ಯೋಧನ ಅಮೃತಶಿಲೆಯ ಪ್ರತಿ ಮೊದಲ ಸಲ ದಾಖಲಾಯಿತು.