ಮಂಜು ಯಾರದು? ವೆಂಕಟಪ್ಪನವರ ನೀಲಗಿರಿ ಚಿತ್ರಗಳು

ಕೆ. ವೆಂಕಟಪ್ಪನವರ (1886–1965) ಊಟಿ ಮತ್ತು ಕೊಡೈಕೆನಾಲ್ ಜಲವರ್ಣಗಳ ಮುಂದೆ ನಿಂತವರಿಗೆ ‘ಕನಸಿನಂತಿದೆ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಮಾತು ಮೆಚ್ಚುಗೆಯದೇ. ಆದರೆ ಆ ಕನಸು ಕಲಾವಿದನದೋ, ಬೆಟ್ಟದ್ದೋ, ನೋಡುವವರದೋ ಎಂಬ ಪ್ರಶ್ನೆಯನ್ನು ಅದು ಮುಚ್ಚಿಬಿಡುತ್ತದೆ.

ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಆ ಪಂಥದ ‘ವಾಷ್’ ವಿಧಾನದಲ್ಲಿ ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ, ಅದರ ಮೇಲೆ ಮತ್ತೆ ಬಣ್ಣ ಹಚ್ಚಿ, ಆಕೃತಿಗಳ ಅಂಚನ್ನು ಕರಗಿಸಲಾಗುತ್ತಿತ್ತು. ಅಲ್ಲಿಯ ಮಬ್ಬು ನೀರಿನ ಪಾತ್ರೆಯಿಂದ ಹುಟ್ಟಿದ್ದು. ಪುರಾಣದ ದೃಶ್ಯಕ್ಕೆ ಅದು ಒಪ್ಪುತ್ತಿತ್ತು. 1920ರ ದಶಕದ ಊಟಿ ಚಿತ್ರಗಳಲ್ಲಿ ಈ ಸಿದ್ಧ ಮಬ್ಬು ಹಿಂದೆ ಸರಿದಿದೆ. ಅಲ್ಲಿಯ ಮಂಜು ಪರ್ವತದ್ದು. ಅದರ ಅಡಿಯಲ್ಲಿ ಇಳಿಜಾರಿನ ಹುಲ್ಲೂ ಮರದ ತುದಿಯೂ ಸೂಕ್ಷ್ಮಚಿತ್ರದ ಕೈ ಪಳಗಿದವರಿಗೆ ಮಾತ್ರ ಸಾಧ್ಯವಾಗುವ ಖಚಿತತೆಯಲ್ಲಿ ನಿಂತಿವೆ.

ನೆನಪಿನ ಕೆಲಸ ಆರಂಭವಾಗುವುದು ಇಲ್ಲಿಯೇ. ಮಳೆಗಾಲದ ಮೋಡ ಒಡೆದು ಬೆಳಕು ಇಳಿಯುವ ಗಳಿಗೆ ನಿಮಿಷಗಳಲ್ಲಿ ಮುಗಿಯುತ್ತದೆ. ಇಷ್ಟು ನಯವಾಗಿ ಮುಗಿಸಿದ ಜಲವರ್ಣ ನಿಮಿಷಗಳಲ್ಲಿ ಮುಗಿಯುವಂಥದ್ದಲ್ಲ. ಬೆಳದಿಂಗಳ ಊಟಿಯನ್ನು ಬೆಳದಿಂಗಳಲ್ಲೇ ಕುಳಿತು ಬಣ್ಣಗಳ ಭೇದ ಹಿಡಿದು ಬರೆಯುವುದು ಇನ್ನೂ ಕಷ್ಟ. ಕಣ್ಣು ಕಂಡ ಕ್ಷಣಕ್ಕೂ ಕುಂಚ ನಿಂತ ಹೊತ್ತಿಗೂ ನಡುವಿನ ಅಂತರವನ್ನು ಸ್ಮೃತಿಯೇ ತುಂಬಬೇಕು. ಹಿಮಾಲಯವನ್ನು ಬರೆದ ನಿಕೊಲಸ್ ರೋರಿಕ್ ಶಿಖರಗಳನ್ನು ಸಂಕೇತಗಳಾಗಿಸಿದರು. ವೆಂಕಟಪ್ಪನವರ ಸ್ಮೃತಿಗೆ ಅಂಥ ಹಂಬಲವಿಲ್ಲ. ಅದು ಕಂಡದ್ದನ್ನು ಕಳೆಯದಂತೆ ಕಾಯುತ್ತದೆ, ಅಷ್ಟೆ. ಈ ಅತಿ ನಿಷ್ಠೆಯೇ ಚಿತ್ರವನ್ನು ಅವಾಸ್ತವಗೊಳಿಸುತ್ತದೆ: ಚಲಿಸಬೇಕಾದ ಮೋಡ ಅಲುಗದೆ ನಿಂತುಬಿಟ್ಟಿದೆ.

ಆದರೆ ನೆನಪು ಆಯ್ದುಕೊಳ್ಳುತ್ತದೆ ಕೂಡ. ಅವರು ಕಂಡ ನೀಲಗಿರಿ ಆದಿಮ ಪ್ರಕೃತಿಯಾಗಿರಲಿಲ್ಲ. ಊಟಿಯ ಸರೋವರ 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ್ದು. ಬೆಟ್ಟಸೀಮೆ ಕೊಯಮತ್ತೂರು ಜಿಲ್ಲೆಯಿಂದ ಬೇರ್ಪಟ್ಟದ್ದು 1868ರಲ್ಲಿ. ಶೋಲಾ ಕಾಡೂ ಹುಲ್ಲುಗಾವಲೂ ಇದ್ದ ಕಡೆ ಆಸ್ಟ್ರೇಲಿಯಾದ ಯೂಕಲಿಪ್ಟಸ್ ಹಬ್ಬಿತು. ಕನ್ನಡದಲ್ಲಂತೂ ಆ ಮರಕ್ಕೇ ‘ನೀಲಗಿರಿ’ ಎಂಬ ಹೆಸರು. ಬಂದವನು ಮನೆಯ ಹೆಸರನ್ನೇ ಇಟ್ಟುಕೊಂಡಂತಾಯಿತು. ವಸಾಹತುಶಾಹಿ ತೋಟಗಾರಿಕೆ ರೂಪಿಸಿದ ಈ ನೋಟವನ್ನು ಚಿತ್ರಗಳು ಪ್ರಶ್ನಿಸದೆ ಪ್ರಶಾಂತಿಯೆಂದು ಸ್ವೀಕರಿಸುತ್ತವೆ. ಅವುಗಳ ದೊಡ್ಡ ಮಿತಿ ಇದು. ಕೌಶಲದ ಹೊಗಳಿಕೆಯಲ್ಲಿ ಇದನ್ನು ಮರೆಸಬಾರದು.

ಸಿಂಗಾನಲ್ಲೂರಿನಂಥ ಊರಿನಲ್ಲಿ, ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವವರಿಗೆ ಮತ್ತೊಂದು ಕೊರತೆ ಕಾಣದಿರದು. ಬೆಟ್ಟದ ಮೇಲಿನ ಬಡಗರ ನುಡಿ ಕನ್ನಡದ ಒಡಹುಟ್ಟು; ‘ಬಡಗ’ ಎಂಬ ಹೆಸರೇ ಉತ್ತರ ದಿಕ್ಕನ್ನು, ಮೈಸೂರು ಸೀಮೆಯನ್ನು, ತೋರಿಸುತ್ತದೆ. ಅವರ ಊರುಗಳು ಇಂದಿಗೂ ಹಟ್ಟಿಗಳು. ಮೈಸೂರಿನಿಂದ ಹೋದ ಕಲಾವಿದನಿಗೆ ಆ ಮಾತು ಅಪರಿಚಿತವಾಗಿ ಕೇಳಿಸಿರಲಾರದು. ಆದರೂ ಹೆಸರಾದ ಈ ಭೂದೃಶ್ಯಗಳಲ್ಲಿ ಮನುಷ್ಯರಿಗೆ ಸಿಕ್ಕಿರುವ ಜಾಗ ಅತ್ಯಲ್ಪ. ಏಕಾಂತವನ್ನೇ ವ್ರತವಾಗಿಸಿಕೊಂಡು, ಅವಿವಾಹಿತರಾಗಿ, ವೀಣೆ ಮತ್ತು ಚಿತ್ರಕ್ಕೆ ಬದುಕನ್ನು ಮೀಸಲಿಟ್ಟ ವ್ಯಕ್ತಿಯ ಸ್ಮೃತಿ ಜನರನ್ನು ಹೊರಗಿಟ್ಟುದು ಆಶ್ಚರ್ಯವಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ, ಅವರ ಹೆಸರಿನ ಗ್ಯಾಲರಿಯಲ್ಲಿ ಈ ಚಿತ್ರಗಳನ್ನು ನೋಡುವ ಬಡಗ ವಿದ್ಯಾರ್ಥಿಯೊಬ್ಬ ಬೆಟ್ಟದ ಸಾಲನ್ನು ಗುರುತಿಸಬಹುದು, ಮಳೆಯ ಬೆಳಕನ್ನೂ ಗುರುತಿಸಬಹುದು. ತನ್ನ ಹಟ್ಟಿ ಯಾವ ಗುಡ್ಡದ ಮರೆಗೆ ಬಿತ್ತೆಂದು ಮಾತ್ರ ಹುಡುಕುತ್ತಲೇ ನಿಲ್ಲಬೇಕಾಗುತ್ತದೆ.