ನೂರು ತುಂಬಿಸುವ ಚಟ

ಕಲಬುರಗಿ, ರಾಯಚೂರು ಕಡೆ ಬಿಸಿಲು 42 ಡಿಗ್ರಿ ದಾಟುತ್ತಿದ್ದಂತೆ ಎಲೆಕ್ಟ್ರಿಕ್ ಕಾರಿನವರ ನಡುವೆ ಉಪದೇಶಗಳು ಹರಿದಾಡುತ್ತವೆ. ಮಧ್ಯಾಹ್ನ ಗಾಡಿ ತೆಗೆಯಬೇಡಿ, ಫಾಸ್ಟ್ ಚಾರ್ಜರ್ ಹತ್ತಿರ ಸುಳಿಯಬೇಡಿ, ಎಸಿ ಕಮ್ಮಿ ಇಡಿ: ಈ ಮೂರು ಮಂತ್ರ ಎಲ್ಲರ ಬಾಯಲ್ಲೂ ಇದೆ. ಎಸಿ ಹಾಕಿದರೆ ಆ ದಿನ ಓಡುವ ಕಿಲೋಮೀಟರ್ ಕಮ್ಮಿಯಾಗುತ್ತದೆಯೇ ಹೊರತು ಬ್ಯಾಟರಿಯ ಆಯುಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಸೆಕೆಯಲ್ಲಿ ಬೇಯುತ್ತ ಕೂತು ಯಾರಿಗೂ ಉಪಕಾರವಾಗುವುದಿಲ್ಲ. ಉಳಿದೆರಡು ಮಾತಿನಲ್ಲಿ ಅಷ್ಟಿಷ್ಟು ಹುರುಳಿದೆ. ನಿಜಕ್ಕೂ ಹೇಳಬೇಕಾದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ: ಬಿಸಿಲಲ್ಲಿ ನಿಲ್ಲುವ ಕಾರಿನ ಬ್ಯಾಟರಿ ತುಂಬಿರಬಾರದು.

ಕಾರು ಎಂಬುದು ದಿನದ ಇಪ್ಪತ್ತೆರಡು ಗಂಟೆ ನಿಂತೇ ಇರುವ ವಸ್ತು. ಹಾಗೆ ನಿಂತಾಗಲೂ ಲಿಥಿಯಂ ಸೆಲ್ಲಿನೊಳಗೆ ಕೆಲಸ ನಡೆದೇ ಇರುತ್ತದೆ. ಗ್ರಾಫೈಟ್ ಬದಿಯ ಮೇಲೆ ಒಂದು ತೆಳುಪೊರೆ ಇರುತ್ತದೆ. ಎಸ್‌ಇಐ ಎಂದು ಅದರ ಹೆಸರು. ಆ ಪೊರೆ ಇಲ್ಲದಿದ್ದರೆ ಸೆಲ್ಲು ಬಾಳುವುದಿಲ್ಲ, ಆದರೆ ಅದು ದಪ್ಪವಾಗುತ್ತ ಹೋದಷ್ಟೂ ಓಡಾಡಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿಬಿದ್ದದ್ದು ತಿರುಗಿ ಬರುವುದಿಲ್ಲ. ಪೊರೆ ದಪ್ಪಗಾಗುವ ವೇಗವನ್ನು ಮುಖ್ಯವಾಗಿ ಎರಡು ಸಂಗತಿಗಳು ಏರಿಸುತ್ತವೆ. ಒಂದು ಶಾಖ, ಇನ್ನೊಂದು ಸೆಲ್ಲು ಎಷ್ಟು ತುಂಬಿದೆ ಎಂಬುದು. ತುಂಬಿದ ಸೆಲ್ಲಿನಲ್ಲಿ ಗ್ರಾಫೈಟ್ ಬದಿ ಎಲೆಕ್ಟ್ರೊಲೈಟನ್ನು ಒಡೆಯಲು ತುದಿಗಾಲಲ್ಲಿ ನಿಂತಿರುತ್ತದೆ, ಎದುರು ಬದಿಯೂ ಹೆಚ್ಚಿನ ವೋಲ್ಟೇಜಿನಲ್ಲಿ ಸುಮ್ಮನಿರುವುದಿಲ್ಲ. ಎರಡರಲ್ಲಿ ಒಂದೇ ಇದ್ದರೆ ಹಾನಿ ನಿಧಾನ, ಎರಡೂ ಜೊತೆಗೂಡಿದರೆ ಕೆಟ್ಟದ್ದು. ಬಿಸಿಲನ್ನು ನಾವು ತಡೆಯಲಾರೆವು. ಎಷ್ಟು ತುಂಬಿಸಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಶಾಖದ ಲೆಕ್ಕವನ್ನು ಬರೆದಿಟ್ಟವನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. 1889ರ ಆತನ ಪ್ರಬಂಧ ನನ್ನ ಮಟ್ಟಿಗೆ ಇಡೀ ಬ್ಯಾಟರಿ ಶಾಸ್ತ್ರದ ಮೂಲಗ್ರಂಥ, ಬ್ಯಾಟರಿಯ ಮಾತು ಅದರಲ್ಲಿ ಇಲ್ಲದಿದ್ದರೂ. ಅದರ ವಿಷಯ ಕಬ್ಬಿನ ಸಕ್ಕರೆ. ಸಕ್ಕರೆಯ ದ್ರಾವಣಕ್ಕೆ ಆಮ್ಲ ಬೆರೆಸಿದರೆ ಅದು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಹೀಗೆ ಒಡೆಯುವ ವೇಗ ಶಾಖದೊಂದಿಗೆ ಇಷ್ಟೊಂದು ಜೋರಾಗಿ ಏರುವುದೇಕೆ ಎಂದು ಆತ ಕೇಳಿಕೊಂಡ. ಅಣುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ ಆ ಹೊತ್ತಿಗೆ ಕೆಲಸಕ್ಕೆ ಸಿದ್ಧವಾಗಿರುತ್ತದೆ, ಶಾಖ ಸ್ವಲ್ಪ ಏರಿದರೂ ಆ ಪಾಲು ಭರ್ರನೆ ಬೆಳೆಯುತ್ತದೆ ಎಂಬುದು ಆತ ಕಂಡ ಉತ್ತರ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿ ಎಂಬ ಅಂದಾಜಿನ ಸೂತ್ರ ಈ ವಿಚಾರದ ದಾಯಾದಿಯೇ. ಮಂಡ್ಯದ ಕಬ್ಬು ಬೆಳೆಗಾರರಿಗೆ ಸೂತ್ರ ಬೇಕಾಗಿಲ್ಲ. ಕಡಿದ ಕಬ್ಬು ಬೇಸಿಗೆಯಲ್ಲಿ ಕಾರ್ಖಾನೆಯ ಮುಂದೆ ಎರಡು ದಿನ ಲೋಡಿನಲ್ಲೇ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಕಡಿದ ಕಬ್ಬು ಹಾಗೂ ತುಂಬಿದ ಸೆಲ್ಲು, ಎರಡಕ್ಕೂ ಬಿಸಿಲಲ್ಲಿ ಕಾಯುವುದೇ ಶತ್ರು.

ಇದಕ್ಕೆ ರಸ್ತೆಯ ಮೇಲಿನ ಪುರಾವೆ ಬೇಕೆಂದರೆ ಅಮೆರಿಕದ ಅರಿಜೋನಾಕ್ಕೆ ಹೋಗಬೇಕು. 2010ರ ಕೊನೆಗೆ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಕಾರಿನ 24 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ನೀರಿನ ತಂಪು ಇರಲಿಲ್ಲ, ಫ್ಯಾನಿನ ಗಾಳಿಯೂ ಇರಲಿಲ್ಲ. 2012ರ ಬೇಸಿಗೆಯ ಹೊತ್ತಿಗೆ ಫೀನಿಕ್ಸ್ ನಗರದ ಮಾಲೀಕರು ಡ್ಯಾಶ್‌ಬೋರ್ಡಿನ ಹನ್ನೆರಡು ಗೆರೆಗಳಲ್ಲಿ ಒಂದೊಂದೇ ಮಾಯವಾಗುವುದನ್ನು ಕಂಡು ಗಲಾಟೆ ಎಬ್ಬಿಸಿದರು. ಕಂಪನಿ ಕೊನೆಗೆ ಸಾಮರ್ಥ್ಯಕ್ಕೂ ವಾರಂಟಿ ಕೊಟ್ಟಿತು, ರಸಾಯನವನ್ನೂ ಬದಲಿಸಿತು. ಫಾಸ್ಟ್ ಚಾರ್ಜರನ್ನೇ ಖಳನಾಯಕ ಮಾಡಿದವರು ಓದಬೇಕಾದ ಅಧ್ಯಾಯ ಇದರ ಮುಂದಿನದು. ಇಡಾಹೊ ನ್ಯಾಷನಲ್ ಲ್ಯಾಬೊರೇಟರಿ ಅದೇ ಫೀನಿಕ್ಸಿನಲ್ಲಿ ನಾಲ್ಕು ಲೀಫ್ ಕಾರುಗಳನ್ನು ಐವತ್ತು ಸಾವಿರ ಮೈಲಿ, ಅಂದರೆ ಸುಮಾರು 80 ಸಾವಿರ ಕಿಲೋಮೀಟರ್ ಓಡಿಸಿತು. ಎರಡಕ್ಕೆ ಫಾಸ್ಟ್ ಚಾರ್ಜ್, ಎರಡಕ್ಕೆ ಮನೆಯಲ್ಲಿ ಹಾಕುವಂಥ ನಿಧಾನದ ಚಾರ್ಜ್. ಎರಡೂ ಜೋಡಿ ಮೂಲ ಸಾಮರ್ಥ್ಯದ ಹೆಚ್ಚುಕಡಿಮೆ ಕಾಲುಭಾಗ ಕಳೆದುಕೊಂಡವು. ಫಾಸ್ಟ್ ಚಾರ್ಜಿನ ಜೋಡಿ ತುಸು ಜಾಸ್ತಿ ಕಳೆದುಕೊಂಡಿತು, ಆದರೆ ಜೋಡಿಗಳ ನಡುವಿನ ಅಂತರ ಒಟ್ಟು ನಷ್ಟದ ಮುಂದೆ ಚಿಕ್ಕದು. ದೊಡ್ಡ ಪಾಲು ತಿಂದದ್ದು ಅರಿಜೋನಾದ ಶಾಖ. ಫಾಸ್ಟ್ ಚಾರ್ಜಿನಲ್ಲಿ ಲಿಥಿಯಂ ಲೋಹವಾಗಿ ಗ್ರಾಫೈಟಿನ ಮೇಲೆ ಕೂರುವ ಅಪಾಯ ಚಳಿಯಲ್ಲಿ ಹೆಚ್ಚು, ಅದಕ್ಕೇ ಕೆಲವು ಕಾರುಗಳು ಚಾರ್ಜರ್ ತಲುಪುವ ಮುನ್ನ ಬ್ಯಾಟರಿಯನ್ನು ತಾವೇ ಬಿಸಿ ಮಾಡಿಕೊಳ್ಳುತ್ತವೆ. ಮೇ ತಿಂಗಳ ಹುಬ್ಬಳ್ಳಿ ದಾರಿಯಲ್ಲಿ ಫಾಸ್ಟ್ ಚಾರ್ಜ್ ಮಾಡಿ ಮುಂದಕ್ಕೆ ಹೊರಟರೆ ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ. ಚಾರ್ಜ್ ಮಾಡಿ, ಬಿಸಿಯಾದ ಬ್ಯಾಟರಿಯನ್ನು ಶೇ 95ರಲ್ಲಿ ಬಿಸಿಲಿಗೆ ನಿಲ್ಲಿಸಿ, ನೆಂಟರ ಮನೆಯಲ್ಲಿ ಸಂಜೆಯವರೆಗೆ ನಿದ್ದೆ ಹೊಡೆಯುವುದು ಬೇರೆ ಮಾತು.

ಹಾಗಾದರೆ ದಿನಾ ತುಂಬಿಸಿಡುವ ಚಟ ಎಲ್ಲಿಂದ ಬಂತು? ಪೆಟ್ರೋಲ್ ಟ್ಯಾಂಕಿನಿಂದ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ, ಪೆಟ್ರೋಲನ್ನು ಐನೂರು ರೂಪಾಯಿಗೆ ಹಾಕಿಸುವವರೇ ನಮ್ಮಲ್ಲಿ ಹೆಚ್ಚು. ಇದು ಮನೆಯ ಇನ್ವರ್ಟರ್ ಕಲಿಸಿದ ಪಾಠ. ಸೀಸ-ಆಮ್ಲದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆದ್ದರಿಂದ ಅದು ಸದಾ ತುಂಬಿರಬೇಕು. ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ರಸ್ತೆಗಿಳಿದ ರೇವಾ ಕೂಡ 48 ವೋಲ್ಟಿನ ಸೀಸದ ಬ್ಯಾಟರಿಯ ಮೇಲೇ ಓಡುತ್ತಿತ್ತು. ಮನೆಗೆ ಬಂದ ತಕ್ಷಣ ಪ್ಲಗ್ಗಿಗೆ ಹಾಕಿ ಎಂಬ ಬುದ್ಧಿವಾದ ಆ ಕಾರಿಗೆ ನೂರಕ್ಕೆ ನೂರು ಸರಿ. ಬ್ಯಾಟರಿಯ ಜಾತಿ ಬದಲಾಯಿತು, ಬುದ್ಧಿವಾದ ಬದಲಾಗಲಿಲ್ಲ. ಇವತ್ತಿಗೂ ಕೆಲವು ಶೋರೂಮುಗಳಲ್ಲಿ ಡೆಲಿವರಿ ಕೊಡುವ ಹುಡುಗರು ಕೀಲಿಕೈ ಜೊತೆಗೆ ಇದೇ ಹಳೆಯ ಮಾತನ್ನೂ ಕೈಗಿಡುತ್ತಾರೆ.

ಕಲಬುರಗಿಯ ಒಬ್ಬ ನೌಕರರ ದಿನವನ್ನು ಊಹಿಸಿಕೊಳ್ಳಿ. ಕಾರು ಒಂದು ಚಾರ್ಜಿಗೆ ನಿಜದಲ್ಲಿ 250 ಕಿಲೋಮೀಟರ್ ಓಡುತ್ತದೆ, ಅವರ ಓಡಾಟ ದಿನಕ್ಕೆ 30. ಅಂದರೆ ದಿನದ ಖರ್ಚು ಶೇ 12. ಸಂಜೆ ಆರೂವರೆಗೆ ಬಂದು ಪ್ಲಗ್ ಹಾಕುತ್ತಾರೆ. ಇಡೀ ಹಗಲು ಡಾಂಬರಿನ ಮೇಲೆ ನಿಂತು ಬಂದ ಬ್ಯಾಟರಿ ಆಗಿನ್ನೂ ಬಿಸಿ. ಕ್ವಿಂಟಾಲುಗಟ್ಟಲೆ ತೂಗುವ ಗಟ್ಟಿ ಅದು, ಕಾಯುವುದೂ ನಿಧಾನ, ಆರುವುದೂ ನಿಧಾನ. ಎಂಟು ಗಂಟೆಗೆಲ್ಲ ನೂರು ತುಂಬುತ್ತದೆ. ರಾತ್ರಿಯಿಡೀ ನೂರು, ಬೆಳಿಗ್ಗೆ ಕಚೇರಿಗೆ ಹೋಗಿ ನಿಂತಾಗ 94, ನಡುಮಧ್ಯಾಹ್ನದ 43 ಡಿಗ್ರಿಯಲ್ಲೂ 94. ಮಾರ್ಚಿನಿಂದ ಜೂನ್‌ವರೆಗೆ ಈ ಬ್ಯಾಟರಿ ಒಂದೇ ಒಂದು ದಿನವೂ 88ರ ಕೆಳಗೆ ಇಳಿಯುವುದಿಲ್ಲ. ಇದೇ ನೌಕರರು 60ಕ್ಕೆ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನಸುಕಿನ ನಾಲ್ಕರಿಂದ ಆರರವರೆಗೆ ಚಾರ್ಜ್ ಹಾಕಿದ್ದರೆ, ಅದೇ ಬಿಸಿಲಿನಲ್ಲಿ ಬ್ಯಾಟರಿ 36ಕ್ಕೂ 60ಕ್ಕೂ ನಡುವೆ ಓಡಾಡಿಕೊಂಡಿರುತ್ತಿತ್ತು. ದುಡ್ಡು ಖರ್ಚಿಲ್ಲ, ಓಡಾಟಕ್ಕೆ ತೊಂದರೆಯಿಲ್ಲ. ನಸುಕಿನಲ್ಲಿ ಕರೆಂಟ್ ಹೋದರೇನು ಗತಿ ಎಂದರೆ, 36ರಲ್ಲೂ ಮೂರು ದಿನದ ಓಡಾಟ ಉಳಿದಿರುತ್ತದೆ.

ನೀರಿನ ತಂಪು ಇರುವ ಕಾರಿಗೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಓಡುವಾಗ, ಚಾರ್ಜ್ ಆಗುವಾಗ ಆ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹಾಗಾಗಿಯೇ ಓಡಾಟದ ಬಗ್ಗೆ ನನಗೆ ಚಿಂತೆಯಿಲ್ಲ. ಆದರೆ ಕೀಲಿ ತೆಗೆದು ಬಾಗಿಲು ಹಾಕಿದ ಮೇಲೆ ಸಾಮಾನ್ಯವಾಗಿ ಪಂಪೂ ಮಲಗುತ್ತದೆ, ಕಂಪ್ರೆಸರೂ ಮಲಗುತ್ತದೆ. ನಿಂತ ಕಾರಿಗೆ ತಂಪು ಕೊಡುವುದು ನೆರಳು ಮಾತ್ರ. ಬೇಸ್‌ಮೆಂಟಿನಿಂದ ಎಲೆಕ್ಟ್ರಿಕ್ ಕಾರುಗಳನ್ನು ಬಯಲಿಗೆ ಅಟ್ಟುವ ಅಪಾರ್ಟ್‌ಮೆಂಟ್ ಸಂಘಗಳು ಇದನ್ನೂ ಯೋಚಿಸಿದರೆ ಚೆನ್ನ. ನೆಲಮಾಳಿಗೆಯಷ್ಟು ತಣ್ಣನೆಯ ಜಾಗ ಬ್ಯಾಟರಿಗೆ ಬೇರೆ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ನೆಕ್ಸಾನ್ ಸೇರಿದಂತೆ ನಮ್ಮಲ್ಲಿ ಓಡುವ ಬಹಳಷ್ಟು ಕಾರುಗಳದ್ದು ಎಲ್‌ಎಫ್‌ಪಿ, ಅಂದರೆ ಕಬ್ಬಿಣದ ಫಾಸ್ಫೇಟಿನ ಬ್ಯಾಟರಿ. ಅದನ್ನು ಆಗಾಗ ನೂರಕ್ಕೆ ತುಂಬಿಸಿ ಎಂದು ಕಂಪನಿಗಳೇ ಹೇಳುತ್ತವಲ್ಲ? ಹೇಳುತ್ತವೆ, ನಿಜ. ಆದರೆ ಆ ಸಲಹೆ ಸೆಲ್ಲಿನ ಆರೋಗ್ಯಕ್ಕಲ್ಲ, ಲೆಕ್ಕ ಇಡುವ ಕಂಪ್ಯೂಟರಿಗೆ. ಎಲ್‌ಎಫ್‌ಪಿಯ ವೋಲ್ಟೇಜು 30ರಲ್ಲೂ 70ರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಪೂರ್ತಿ ತುಂಬಿದಾಗ ಮಾತ್ರ ಕಂಪ್ಯೂಟರಿಗೆ ಸರಿಯಾದ ಅಂದಾಜು ಸಿಗುತ್ತದೆ. ರಸಾಯನದ ಮಟ್ಟಿಗೆ ಎಲ್‌ಎಫ್‌ಪಿ ಗಟ್ಟಿಗ, ಒಪ್ಪಿದೆ. ಆದರೆ ಅದರ ಇನ್ನೊಂದು ಬದಿಯಲ್ಲಿರುವುದು ಅದೇ ಗ್ರಾಫೈಟ್, ಅದೇ ಪೊರೆ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ತುಂಬಿದ ಮಟ್ಟದ ಹತ್ತಿರ ಓಡಾಡಿದ ಎಲ್‌ಎಫ್‌ಪಿ ಸೆಲ್ಲುಗಳೇ ಬೇಗ ಸೊರಗಿದವು. ಕೈಪಿಡಿ ವಾರಕ್ಕೊಮ್ಮೆ ನೂರು ಎಂದಿದ್ದರೆ ವಾರಕ್ಕೊಮ್ಮೆ ತುಂಬಿಸಿ. ದೂರದ ಊರಿಗೆ ಹೊರಡುವ ದಿನ ಬೆಳಗಿನ ಜಾವ ತುಂಬಿಸಿ, ತುಂಬಿದ ಅರ್ಧ ಗಂಟೆಯಲ್ಲಿ ಹೊರಟುಬಿಡಿ.

ಎಂಟು ವರ್ಷದ ವಾರಂಟಿ ಇರುವಾಗ ಇಷ್ಟು ಕಾಳಜಿ ಯಾಕೆ ಎಂಬುದು ಮೂರನೆಯ ಮಾತು. ವಾರಂಟಿ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಸಾಮರ್ಥ್ಯ ಶೇ 70ರ ಕೆಳಗೆ ಹೋದಾಗ. ಎಂಟು ವರ್ಷಕ್ಕೆ 72ಕ್ಕೆ ಬಂದು ನಿಂತ ಕಾರಿಗೆ ಕಂಪನಿ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ಸೆಕೆಂಡ್‌ಹ್ಯಾಂಡ್ ಕೊಳ್ಳಲು ಬಂದವರು ಮಾತ್ರ ಆ 72ನ್ನು ನೋಡಿಯೇ ಬೆಲೆ ಕಟ್ಟುತ್ತಾರೆ.

ಕಂಪನಿಗಳಿಗೆ ಈ ವಿಚಾರ ಗೊತ್ತಿಲ್ಲವೆಂದಲ್ಲ. ಲೀಫ್ ಕಾರಿನಲ್ಲಿ ಮೊದಲಿಗೆ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2013ರ ಮಾದರಿಗೆ 80ರ ಚಾರ್ಜಿನಲ್ಲಿ ಓಡುವ 66 ಮೈಲಿ, ಪೂರ್ತಿ ಚಾರ್ಜಿನಲ್ಲಿ ಓಡುವ 84 ಮೈಲಿ ಎರಡನ್ನೂ ಸೇರಿಸಿ, ಸರಾಸರಿ ತೆಗೆದು 75 ಮೈಲಿ ಎಂದು ಚೀಟಿ ಅಂಟಿಸಿತು. 2014ರ ಮಾದರಿಯಲ್ಲಿ ಕಂಪನಿ ಆ ಸೌಲಭ್ಯವನ್ನೇ ಕಿತ್ತುಹಾಕಿತು. ಚೀಟಿಯ ಮೇಲೆ 84 ಬಂತು, ಬ್ಯಾಟರಿ ಅಷ್ಟೇ ಇತ್ತು. ಇವತ್ತು ನಮ್ಮ ಮಾರುಕಟ್ಟೆಯಲ್ಲೂ ಮಿತಿ ಹಾಕುವ ಸೌಲಭ್ಯ ಎಲ್ಲ ಕಾರುಗಳಲ್ಲೂ ಇಲ್ಲ. ಕೊಳ್ಳುವ ಮುನ್ನ ಸನ್‌ರೂಫಿನ ಜೊತೆಗೆ ಇದನ್ನೂ ಕೇಳಿ. ಈಗಾಗಲೇ ಕೊಂಡಿದ್ದು ನಿಮ್ಮ ಕಾರಿನಲ್ಲಿ ಅದಿಲ್ಲದಿದ್ದರೆ ಗಡಿಯಾರವೇ ಗತಿ: 30 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಮನೆಯ 3.3 ಕಿಲೋವ್ಯಾಟ್ ಚಾರ್ಜರ್ ಗಂಟೆಗೆ ಸುಮಾರು ಶೇ 10 ತುಂಬಿಸುತ್ತದೆ. 40 ಇದ್ದದ್ದು 60 ಆಗಲು ಎರಡು ಗಂಟೆ. ನಾಲ್ಕಕ್ಕೆ ಅಲಾರಂ ಇಟ್ಟು ಪ್ಲಗ್ ಹಾಕಿ, ಆರಕ್ಕೆ ಹಾಲು ತರಲು ಹೋಗುವಾಗ ತೆಗೆದುಬಿಡಿ.