ಹಾಡುಗಳ ಜೋಡಣೆ: ಒಂದು ವಿವೇಚನೆ

ಒಳ್ಳೆಯ ಹಾಡೊಂದನ್ನು ಕೇಳಿದಾಗ ಮನಸ್ಸಿನಲ್ಲಿ ಎರಡು ಬಯಕೆಗಳು ಹುಟ್ಟುತ್ತವೆ. ಇದನ್ನು ಮತ್ತೊಮ್ಮೆ ಕೇಳಬೇಕೆಂಬುದು ಒಂದು. ಇದನ್ನು ಇಂಥವರಿಗೆ ಕೇಳಿಸಬೇಕೆಂಬುದು ಇನ್ನೊಂದು. ಮೊದಲನೆಯ ಬಯಕೆಯನ್ನು ಯಂತ್ರಗಳು ಎಂದೋ ಈಡೇರಿಸಿಕೊಟ್ಟಿವೆ. ಎರಡನೆಯದು ಅಷ್ಟು ಸುಲಭವಾದುದಲ್ಲ. ಮಿತ್ರರಿಗಾಗಿ ಹಾಡುಗಳನ್ನು ಆರಿಸಿ, ಒಂದರ ಮುಂದೊಂದನ್ನು ಇರಿಸಿ ಕಳುಹಿಸಿಕೊಡುವ ಪದ್ಧತಿ ಇಂದು ಪ್ಲೇಲಿಸ್ಟ್ ಎಂಬ ಹೆಸರಿನಿಂದ ಮನೆಮನೆಗೂ ಬಂದಿದೆ. ವಾಚಕರಾದ ನಿಮ್ಮಲ್ಲಿಯೂ ಅನೇಕರು ಇಂಥ ಪಟ್ಟಿಗಳನ್ನು ಮಾಡಿರಬಹುದು. ಮಾಡದಿದ್ದವರಿಗೆ ಒಂದೆರಡಾದರೂ ಬಂದು ಸೇರಿರಬಹುದು. ಇದೇನು ಮಹಾ ವಿಷಯವೆಂದು ನೀವು ಕೇಳಬಹುದು. ಆದರೆ ಆಯ್ಕೆ, ಕ್ರಮ, ಔಚಿತ್ಯ ಎಂಬ ಮೂರೂ ಎಲ್ಲಿ ಕೂಡುತ್ತವೆಯೋ ಅಲ್ಲಿ ಒಂದು ಕೃತಿ ಇದೆ. ಕೃತಿ ಇದ್ದಲ್ಲಿ ಗುಣದೋಷಗಳ ವಿಚಾರವೂ ಇರತಕ್ಕದ್ದೇ.

ಪರರ ನುಡಿಗಳನ್ನು ಆಯ್ದು ಜೋಡಿಸುವುದು ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಸಂಕಲಿಸಿದ 'ಸೂಕ್ತಿಸುಧಾರ್ಣವ'ವಿದೆ. ಸಮುದ್ರ, ಪರ್ವತ, ನಗರ, ಚಂದ್ರೋದಯ ಎಂದು ವರ್ಣನೆಯ ವಿಷಯಗಳನ್ನು ವಿಂಗಡಿಸಿ, ಆಯಾ ವಿಷಯದ ಕೆಳಗೆ ಪೂರ್ವಕವಿಗಳ ಪದ್ಯಗಳನ್ನು ಅವನು ಒಟ್ಟುಗೂಡಿಸಿದ. ಬಹಳ ಉಪಕಾರದ ಕೆಲಸ. ಬೇಕಾದುದು ಬೇಕಾದಲ್ಲಿ ಸಿಕ್ಕುತ್ತದೆ. ಹದಿನೈದನೆಯ ಶತಮಾನದ 'ಶೂನ್ಯಸಂಪಾದನೆ'ಯ ಮಾರ್ಗವೇ ಬೇರೆ. ಬೇರೆ ಬೇರೆ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯನವರು ಪ್ರಶ್ನೆಯಾಗಿ, ಉತ್ತರವಾಗಿ, ಮರುಪ್ರಶ್ನೆಯಾಗಿ ಎದುರುಬದುರು ನಿಲ್ಲಿಸಿದರು. ಹೀಗೆ ಒಂದರ ಪಕ್ಕ ಇನ್ನೊಂದು ಬಂದುದರಿಂದಲೇ ಒಂಟಿಯಾಗಿದ್ದಾಗ ಕಾಣದಿದ್ದ ಅರ್ಥ ಬೆಳಗಿತು. ಅನಂತರ ಮೂವರು ಅದೇ ಸಾಮಗ್ರಿಯನ್ನು ಕೈಗೆತ್ತಿಕೊಂಡು ತಮ್ಮ ತಮ್ಮ ರೀತಿಯಲ್ಲಿ ಪರಿಷ್ಕರಿಸಿದರೆಂಬುದನ್ನು ನೆನೆದರೆ, ಜೋಡಣೆಯೆಂಬುದು ಎಷ್ಟು ಗಂಭೀರವಾದ ಕಾರ್ಯವೆಂದು ನಮ್ಮ ಹಿರಿಯರು ತಿಳಿದಿದ್ದರೆಂಬುದು ಗೊತ್ತಾಗುತ್ತದೆ. ಆ ಮಹಾಕೃತಿಯನ್ನೂ ಇಂದಿನ ಹಾಡುಗಳ ಪಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ಇಲ್ಲಿ ಇಲ್ಲ. ನಾವು ಹೇಳುವುದಿಷ್ಟೆ: ಪಟ್ಟಿಗಳಲ್ಲಿಯೂ ಇವೇ ಎರಡು ಜಾತಿಗಳಿವೆ. 'ಮಳೆಯ ಹಾಡುಗಳು', 'ಪ್ರಯಾಣದ ಹಾಡುಗಳು' ಎಂಬುವು ಮೊದಲನೆಯ ಜಾತಿ. ಒಂದು ಹಾಡು ಮುಂದಿನ ಹಾಡಿನೊಡನೆ ಮಾತಾಡುವಂಥವು ಎರಡನೆಯ ಜಾತಿ. ಮಿತ್ರನಿಗೆ ಸಲ್ಲತಕ್ಕದ್ದು ಈ ಎರಡನೆಯದು.

ಈ ಹವ್ಯಾಸ ಜನಸಾಮಾನ್ಯರ ಕೈಗೆ ಬಂದುದು ಕ್ಯಾಸೆಟ್ಟಿನಿಂದ. 1963ರಲ್ಲಿ ಫಿಲಿಪ್ಸ್ ಕಂಪನಿಯು ಅದನ್ನು ಹೊರತಂದಾಗ, ಅದರ ಹಿಂದಿದ್ದ ಡಚ್ ಎಂಜಿನಿಯರು ಲೂ ಒಟ್ಟೆನ್ಸ್ (ಅವರು ತೀರಿಕೊಂಡುದು 2021ರಲ್ಲಿ) ಜೇಬಿನಲ್ಲಿ ಹಿಡಿಸುವಂಥ ಒಂದು ಸಾಧನವನ್ನು ಬಯಸಿದ್ದರು. ಗ್ರಾಮಫೋನ್ ತಟ್ಟೆಯನ್ನು ಕೊಂಡವನು ಕೇಳಬಲ್ಲವನಾಗಿದ್ದನೇ ಹೊರತು ಅದರಲ್ಲಿ ತನ್ನದೇನನ್ನೂ ತುಂಬಬಲ್ಲವನಾಗಿರಲಿಲ್ಲ. ಕ್ಯಾಸೆಟ್ಟು ಆ ಅಧಿಕಾರವನ್ನು ಅವನಿಗೆ ಕೊಟ್ಟಿತು. ನಮ್ಮ ನಾಡಿನ ಪೇಟೆಗಳಲ್ಲಿ, ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಎರಡು ದಿನದಲ್ಲಿ ಕ್ಯಾಸೆಟ್ ತುಂಬಿಕೊಡುತ್ತಿದ್ದ ಅಂಗಡಿಗಳನ್ನು ಐವತ್ತು ದಾಟಿದ ವಾಚಕರು ಮರೆತಿರಲಾರರು. ಕಂಪನಿಗಳ ದೃಷ್ಟಿಯಲ್ಲಿ ಇದು ಕಳವು. 1981ರಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ಸಂಸ್ಥೆಗಳ ಸಂಘವು, ಮನೆಯಲ್ಲಿ ಟೇಪು ಮಾಡುವುದು ಸಂಗೀತವನ್ನು ಕೊಲ್ಲುತ್ತಿದೆಯೆಂದು ದೊಡ್ಡ ಪ್ರಚಾರವನ್ನೇ ನಡೆಸಿತು. ಸಂಗೀತವೇನೂ ಸಾಯಲಿಲ್ಲ. ಆದರೂ ಹಾಡಿದವರಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ.

ಆ ಕ್ಯಾಸೆಟ್ಟಿಗೆ ಒಂದು ಮಿತಿಯಿತ್ತು, ಮತ್ತು ಆ ಮಿತಿಯೇ ಅದರ ಗುಣವಾಗಿತ್ತು. ಸಿ-90 ಎಂದರೆ ಬದಿಯೊಂದಕ್ಕೆ 45 ನಿಮಿಷ. ಅಷ್ಟರಲ್ಲಿ ಹಿಡಿಸಬೇಕು, ಹಿಡಿಸದಿದ್ದರೆ ಯಾವುದನ್ನೋ ಬಿಡಬೇಕು. ಬಿಡುವಾಗ ಉಂಟಾಗುವ ಸಂಕಟವೇ ಆಯ್ಕೆಗೆ ಬೆಲೆಯನ್ನು ತರುತ್ತಿತ್ತು. ತುಂಬುವವನು ಸಾಮಾನ್ಯವಾಗಿ ಆ ತೊಂಬತ್ತು ನಿಮಿಷ ತಾನೂ ಕುಳಿತು ಕೇಳಬೇಕಾಗಿತ್ತು. ಎಂದರೆ, ಕೊಡುವವನು ತಾನು ಕೇಳದೆ ಕೊಡುವಂತಿರಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ನಿಕ್ ಹಾರ್ನ್‌ಬಿಯ 'ಹೈ ಫಿಡೆಲಿಟಿ' (1995) ಎಂಬ ಕೃತಿಯ ನಾಯಕ ಇಂಥ ಟೇಪು ತುಂಬುವುದಕ್ಕೆ ನಿಯಮಗಳ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದಾನೆ. ಓದುವಾಗ ನಗು ಬರುತ್ತದೆ. ಆದರೆ ಆ ನಿಯಮಗಳ ಹಿಂದೆ, ಇದು ಇನ್ನೊಬ್ಬರಿಗೆ ಬರೆಯುವ ಪತ್ರದಂಥದು ಎಂಬ ಅರಿವು ಇದೆ. 1979ರಲ್ಲಿ ಸೋನಿಯವರ ವಾಕ್‌ಮನ್ ಮೊದಲು ಬಂದಾಗ ಅದರಲ್ಲಿ ಇಬ್ಬರು ಕೂಡಿ ಕೇಳಲು ಎರಡು ತೂತುಗಳಿದ್ದುವು. ಒಬ್ಬನೇ ಕುಳಿತು ಕೇಳುವುದು ಸೌಜನ್ಯವಲ್ಲವೆಂದು ಆ ಕಂಪನಿಯ ಅಕಿಯೊ ಮೊರಿಟಾ ಅವರಿಗೆ ಅನ್ನಿಸಿತ್ತಂತೆ. ಕಾಲಕ್ರಮದಲ್ಲಿ ಆ ಎರಡನೆಯ ತೂತು ಮರೆಯಾಯಿತು.

ಇರಲಿ, ಪ್ರಕೃತಕ್ಕೆ ಬರೋಣ. ಈಚೆಗೆ ನಮ್ಮ ಕೈಸೇರಿದ ಎರಡು ಪಟ್ಟಿಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಒಂದೇ ಪ್ರಸಾದನಿಲಯದಲ್ಲಿ ಕೂಡಿ ಉಂಡು ಕೂಡಿ ಓದಿ, ಇಂದು ಬೇರೆ ಬೇರೆ ಊರುಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಗೆಳೆಯರು ವಾಟ್ಸ್‌ಆಪ್ ಗುಂಪಿನ ಮೂಲಕ ಕೂಡಿ ಬೆಳೆಸಿದ ಪಟ್ಟಿ. ಯಾರು ಬೇಕಾದರೂ ಸೇರಿಸಬಹುದು, ಯಾರೂ ತೆಗೆಯುವುದಿಲ್ಲ. ರಾಜಕುಮಾರರ ಚಿತ್ರಗೀತೆ, ಅದರ ಬೆನ್ನಿಗೆ ಅಶ್ವತ್ಥರ ಭಾವಗೀತೆ, ಆಮೇಲೊಂದು ಡೊಳ್ಳಿನ ಪದ, ಒಂದು ವಚನ, ಮತ್ತೆ ಯಾರದೋ ಮೊಮ್ಮಗಳು ಮೆಚ್ಚಿದ ಇಂಗ್ಲಿಷ್ ಹಾಡು. ನಾವು ಎಣಿಸಿದಾಗ 412 ಹಾಡುಗಳಿದ್ದುವು. ಒಂದಕ್ಕೆ ನಾಲ್ಕು ನಿಮಿಷವೆಂದರೂ ಇಪ್ಪತ್ತೇಳು ಗಂಟೆಗಳಿಗೆ ಮಿಕ್ಕಿತು. ಅದನ್ನು ಆದ್ಯಂತವಾಗಿ ಕೇಳಿದವರು ಆ ಗುಂಪಿನಲ್ಲಿ ಒಬ್ಬರೂ ಇಲ್ಲ. ಒಂದೊಂದು ಹಾಡನ್ನೂ ಸೇರಿಸಿದವರ ಪ್ರೀತಿ ನಿಜವಾದುದೇ. ಆದರೆ ಎಲ್ಲರಿಗಾಗಿ ಮಾಡಿದ್ದು ಯಾರಿಗೂ ಆಗಲಿಲ್ಲ. ಅದು ಜಾತ್ರೆಯ ಹಾಗೆ. ಎಲ್ಲರೂ ಬಂದಿದ್ದರೆಂಬ ನೆನಪು ಉಳಿಯುತ್ತದೆ, ಯಾರೊಡನೆಯೂ ನಿಂತು ಮಾತಾಡಿರುವುದಿಲ್ಲ.

ಎರಡನೆಯ ಪಟ್ಟಿಯಲ್ಲಿ ಇರುವುದು ಏಳೇ ಹಾಡುಗಳು. ಅದೇ ಗುಂಪಿನ ಒಬ್ಬ ಸದಸ್ಯರು, ಪತ್ನಿಯನ್ನು ಕಳೆದುಕೊಂಡು ರಾತ್ರಿ ನಿದ್ರೆ ಬಾರದಿದ್ದ ಇನ್ನೊಬ್ಬರಿಗೆ ಅದನ್ನು ಮಾಡಿಕೊಟ್ಟರು. ಇಬ್ಬರೂ ನಮ್ಮ ಪರಿಚಿತರು. ಅವರ ಸಮ್ಮತಿಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಮೊದಲಿಗೆ ನಿಖಿಲ್ ಬ್ಯಾನರ್ಜಿಯವರ ಸಿತಾರಿನಲ್ಲಿ ಹೇಮಂತ ರಾಗದ ಆಲಾಪ. ಅನಂತರ ಮಲ್ಲಿಕಾರ್ಜುನ ಮನಸೂರರ ಏಕ್ ನಿಷಾದ ಬಿಹಾಗಡಾ. ಮೂರನೆಯದು ಸಂಪೂರ್ಣ ಮಾಲಕಂಸ, ಮನಸೂರರದೇ. ನಾಲ್ಕನೆಯದು ಅದೇ ಸಂಪೂರ್ಣ ಮಾಲಕಂಸ, ಕಿಶೋರಿ ಅಮೋಣಕರರದು. ಐದನೆಯದು ಬಸವರಾಜ ರಾಜಗುರುಗಳು ಹಾಡಿದ ಒಂದು ವಚನ. ಆರನೆಯದು ಕುಮಾರ ಗಂಧರ್ವರ ನಿರ್ಗುಣ ಭಜನೆ. ಕೊನೆಗೆ ಭೀಮಸೇನ ಜೋಶಿಯವರ ಭೈರವಿ.

ಇದರಲ್ಲಿ ಗಮನಿಸತಕ್ಕ ಮೊದಲ ಅಂಶವೆಂದರೆ, ದುಃಖಿತನಿಗೆ ದುಃಖದ ಹಾಡನ್ನು ಕೊಡದಿರುವುದು. ಸಾಂತ್ವನದ ಮಾತುಗಳುಳ್ಳ ಹಾಡುಗಳಿಗೆ ಕೊರತೆಯಿಲ್ಲ. ಅವೇ ಮೊದಲು ಕೈಗೆ ಬರುತ್ತವೆ ಕೂಡ. ಈ ಗೆಳೆಯರು ಮೊದಲ ಸ್ಥಾನದಲ್ಲಿ ಮಾತೇ ಇಲ್ಲದ ಆಲಾಪವನ್ನಿಟ್ಟರು. ಹದಿನೈದು ದಿನಗಳಿಂದ ಬಂದವರೆಲ್ಲರ ಸಮಾಧಾನದ ಮಾತುಗಳನ್ನು ಕೇಳಿ ದಣಿದಿದ್ದ ಕಿವಿಗೆ ಇದಕ್ಕಿಂತ ಉಚಿತವಾದುದು ಯಾವುದು? ತಾಳವೂ ಇಲ್ಲ, ಯಾರೂ ಅವಸರಪಡಿಸುವುದಿಲ್ಲ. ಆಮೇಲೆ ಮನುಷ್ಯಕಂಠ ಬರುತ್ತದೆ. ನಡುವೆ ಬಹಳ ಹೊತ್ತು ರಾಗವೇ ಮುಖ್ಯವಾಗಿ ಉಳಿದು, ಕನ್ನಡದ ಮಾತು ಕೇಳಿಬರುವುದು ಐದನೆಯ ಸ್ಥಾನದಲ್ಲಿ. ಅಷ್ಟು ಹೊತ್ತಿಗೆ ಕೇಳುವವನು ಮಾತನ್ನು ಕೇಳಬಲ್ಲವನಾಗಿರುತ್ತಾನೆ. ಕುಮಾರ ಗಂಧರ್ವರನ್ನು ಅದರ ಬೆನ್ನಿಗೆ ಇಟ್ಟುದರಲ್ಲಿಯೂ ವಿವೇಕವಿದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಹೆಸರು ಪಡೆದ ಈ ಗಾಯಕರು 1940ರ ದಶಕದ ಕೊನೆಯಲ್ಲಿ ಕ್ಷಯರೋಗಕ್ಕೆ ತುತ್ತಾಗಿ, ಮಧ್ಯಪ್ರದೇಶದ ದೇವಾಸದಲ್ಲಿ ಕೆಲವು ವರ್ಷ ಹಾಡದೆ ಹಾಸಿಗೆ ಹಿಡಿದಿದ್ದರು. ಎದ್ದುಬಂದ ಮೇಲಿನ ಅವರ ಗಾಯನದಲ್ಲಿ ಸ್ವರಗುಚ್ಛಗಳು ಚಿಕ್ಕವಾಗಿ, ನಡುನಡುವೆ ಮೌನ ತುಂಬಿ ಬರುತ್ತವೆ. ಉಸಿರು ಮುರಿದು ಮತ್ತೆ ಕೂಡಿಕೊಂಡವನ ಹಾಡು ಅದು. ಪಟ್ಟಿ ಮಾಡಿದವರು ಈ ಸಂಗತಿಯನ್ನು ಎಲ್ಲಿಯೂ ಬರೆದಿರಲಿಲ್ಲ. ಬರೆಯದಿದ್ದುದೇ ಒಳ್ಳೆಯದಾಯಿತು.

ಆದರೆ ದೋಷಗಳಿಲ್ಲದಿಲ್ಲ. ಸಂಪೂರ್ಣ ಮಾಲಕಂಸವನ್ನು ಎರಡು ಸಲ ಇಟ್ಟುದು ನಮಗೆ ಒಪ್ಪಿಗೆಯಾಗಲಿಲ್ಲ. ವಾಡಿಕೆಯ ಮಾಲಕಂಸದಲ್ಲಿ ವರ್ಜ್ಯವಾದ ರಿಷಭ ಪಂಚಮಗಳನ್ನು ಕೂಡಿಸಿಕೊಂಡ ಈ ರಾಗ ಜಯಪುರ-ಅತ್ರೌಲಿ ಘರಾಣೆಯ ಸೊತ್ತು. ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತವರು. ಕಿಶೋರಿಯವರ ತಾಯಿ ಮೊಗುಬಾಯಿ ಕುರ್ಡೀಕರರು ಅಲ್ಲಾದಿಯಾ ಖಾನರಲ್ಲಿಯೇ ಕಲಿತವರು. ಒಂದೇ ಮನೆಯ ಎರಡು ಕೋಣೆಗಳಿಂದ ಒಂದೇ ರಾಗ ಬೇರೆ ಬೇರೆಯಾಗಿ ಕೇಳಿಬರುವುದು ಬಲ್ಲವರಿಗೆ ಹಬ್ಬ. ಆದರೆ ಆ ಹಬ್ಬ ಕೊಡುವವರದೋ, ಪಡೆಯುವವರದೋ? ಇಲ್ಲಿ ಗೆಳೆಯರು ಸ್ವಲ್ಪ ಹೊತ್ತು ಮೇಷ್ಟ್ರಾದರೆಂದು ನಮ್ಮ ಅಭಿಪ್ರಾಯ. ಪಡೆದವರನ್ನು ವಿಚಾರಿಸಿದಾಗ, ತಾವು ಹೆಚ್ಚು ಸಲ ಕೇಳಿದುದು ಆ ಎರಡನ್ನೇ ಎಂದು ಹೇಳಿದರು. ಅಷ್ಟರಿಂದ ನಮ್ಮ ಆಕ್ಷೇಪವೇನೂ ಬಿದ್ದುಹೋಗುವುದಿಲ್ಲ. ಭೈರವಿಯ ವಿಷಯ ಇನ್ನೊಂದು. ಕಚೇರಿಯ ಸಂಪ್ರದಾಯದಂತೆ ಅದು ಕೊನೆಗೆ ಬರತಕ್ಕದ್ದು ಸರಿ. ಆದರೆ ಅದು ಸಭೆ ಮುಗಿದು ಜನ ಮನೆಗೆ ಹೊರಡುವಾಗಿನ ಮಾತು. ಇಲ್ಲಿ ಕೇಳುವವನು ಮನೆಯಲ್ಲಿಯೇ, ಒಬ್ಬನೇ, ನಡುರಾತ್ರಿಯಲ್ಲಿದ್ದಾನೆ. ಅವನಿಗೆ 'ಇನ್ನು ಮುಗಿಯಿತು' ಎಂದು ಹೇಳುವ ಅಗತ್ಯವಿರಲಿಲ್ಲ. ಕುಮಾರರ ಭಜನೆಯಲ್ಲಿಯೇ ನಿಲ್ಲಿಸಿದ್ದರೆ ಪಟ್ಟಿ ಬಾಗಿಲನ್ನು ತೆರೆದೇ ಇಟ್ಟಂತಾಗುತ್ತಿತ್ತು.

ಇಂಥ ಸೂಕ್ಷ್ಮಗಳಿಗೆ ಇಂದಿನ ಸಾಧನಗಳು ಎಷ್ಟು ಅನುಕೂಲವಾಗಿವೆ ಎಂಬುದನ್ನೂ ನೋಡಬೇಕು. ಹಾಡುಗಳು ಕೈಗೆಟುಕುವಂತಾದುದು ನಿಸ್ಸಂದೇಹವಾಗಿ ದೊಡ್ಡ ಲಾಭ. ಧಾರವಾಡದವರು ಕಷ್ಟಪಟ್ಟು ಹುಡುಕುತ್ತಿದ್ದ ಮುದ್ರಣಗಳನ್ನು ಇಂದು ಚಿಕಾಗೋದಲ್ಲಿರುವ ಮಗನೂ ಕೇಳಬಲ್ಲ. ಆದರೆ ಕ್ರಮವನ್ನು ಈ ಸಾಧನಗಳು ಗೌರವಿಸುವುದಿಲ್ಲ. ಹಾಡುಗಳನ್ನು ಇಸ್ಪೀಟು ಎಲೆಗಳಂತೆ ಕಲಸಿಬಿಡುವ ಗುಂಡಿಯೊಂದು ಪ್ರತಿ ಪಟ್ಟಿಯ ನೆತ್ತಿಯ ಮೇಲೆಯೇ ಕುಳಿತಿದೆ. 2021ರ ನವೆಂಬರಿನಲ್ಲಿ ಇಂಗ್ಲಿಷ್ ಗಾಯಕಿ ಅಡೆಲ್ ತಮ್ಮ ಹೊಸ ಸಂಪುಟ ಹೊರಬಂದ ಸಂದರ್ಭದಲ್ಲಿ, ತಾವು ಹಾಡುಗಳ ಕ್ರಮವನ್ನು ಯೋಚಿಸಿಯೇ ಇಟ್ಟಿರುವುದಾಗಿ ಹೇಳಿದ ಮೇಲೆ, ಸ್ಪಾಟಿಫೈನವರು ಸಂಪುಟಗಳ ಮೊಗದಲ್ಲಿದ್ದ ಆ ಗುಂಡಿಯನ್ನು ಬದಲಿಸಿದರು. ಜಗತ್ಪ್ರಸಿದ್ಧರ ಮಾತು ನಡೆಯಿತು. ಗೆಳೆಯನಿಗಾಗಿ ಏಳು ಹಾಡು ಜೋಡಿಸಿದವರ ಮಾತನ್ನು ಯಾರು ಕೇಳಬೇಕು? ಇನ್ನೊಂದು ಲೆಕ್ಕವನ್ನು ಕೇಳಿ. ಆ ಸೇವೆಯಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಅದು ಒಂದು ಎಣಿಕೆಗೆ ಬರುತ್ತದೆ. ಹೀಗಾಗಿ ಹೊಸ ಹಾಡುಗಳು ಮೊದಲ ಅರ್ಧ ನಿಮಿಷದಲ್ಲಿಯೇ ಕೇಳುಗನ ಕೈಹಿಡಿಯಲು ಹೆಣಗುತ್ತವೆ. ಮನಸೂರರ ವಿಲಂಬಿತದಲ್ಲಿ ಮೊದಲ ಅರ್ಧ ನಿಮಿಷ ತಂಬೂರಿಗೂ ಒಂದೆರಡು ಸ್ವರಗಳಿಗೂ ಸಂದುಹೋಗುತ್ತದೆ. ಹಣ ಕೊಡದೆ ಕೇಳುವವರಿಗೆ ಜಾಹೀರಾತುಗಳ ಕಾಟ ಬೇರೆ. ವಚನದ ಕೊನೆಯ ಷಡ್ಜದ ಗುಂಗು ಆರುವ ಮುನ್ನವೇ ಸಾಬೂನಿನ ಹೊಗಳಿಕೆ ಕಿವಿಗೆ ಅಪ್ಪಳಿಸಿದರೆ ರಸಭಂಗವೆನ್ನದೆ ಏನೆನ್ನಬೇಕು?

2021ರಿಂದೀಚೆಗೆ ಇಬ್ಬರು ಗೆಳೆಯರ ಕೇಳ್ಮೆಯನ್ನು ಯಂತ್ರವೇ ಬೆರೆಸಿ ಇಬ್ಬರಿಗೂ ಒಂದು ಪಟ್ಟಿಯನ್ನು ಮಾಡಿಕೊಡುವ ಏರ್ಪಾಡೂ ಬಂದಿದೆ. ಜಾಣತನದ ಕೆಲಸವೇ. ನಾನು ಏನನ್ನು ಕೇಳುತ್ತಿದ್ದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಆದರೆ ನನ್ನ ಗೆಳೆಯ ಈ ವಾರ ಏನನ್ನು ಕೇಳಲಾರ ಎಂಬುದು ಅದಕ್ಕೆ ಗೊತ್ತಿಲ್ಲ. ಮೇಲಿನ ಏಳರ ಪಟ್ಟಿಯಲ್ಲಿ, ತೀರಿಕೊಂಡ ಆ ತಾಯಿಗೆ ಬಹಳ ಪ್ರಿಯವಾಗಿದ್ದ ಒಂದು ಭಾವಗೀತೆ ಇರಲಿಲ್ಲ. ಯಂತ್ರವಾಗಿದ್ದರೆ ಅದನ್ನೇ ಮೊದಲು ಇಡುತ್ತಿತ್ತು; ಆ ಮನೆಯಲ್ಲಿ ಅದನ್ನೇ ತಾನೇ ದಿನವೂ ಕೇಳುತ್ತಿದ್ದುದು!

ನಿಮ್ಮಲ್ಲಿ ಯಾರಿಗಾದರೂ ಇಂಥ ಪಟ್ಟಿ ಮಾಡುವ ಮನಸ್ಸಾದರೆ ಒಂದು ಮಾತು. ಹೆಸರುಗಳನ್ನು ಕಾಗದದ ಮೇಲೆಯೂ ಬರೆದುಕೊಡಿ. ಈ ಸೇವೆಗಳು ಶಾಶ್ವತವಲ್ಲ. 2024ರಲ್ಲಿ ವಿಂಕ್ ಮ್ಯೂಸಿಕ್ ನಿಂತಾಗ ಅದನ್ನು ನೆಚ್ಚಿದ್ದವರೆಲ್ಲ ತಮ್ಮ ಪಟ್ಟಿಗಳಿಗೆ ಬೇರೆ ನೆಲೆಯನ್ನು ಹುಡುಕಬೇಕಾಯಿತು. ಕೊಂಡಿ ಕಡಿದರೂ ಹೆಸರಿದ್ದರೆ ಮತ್ತೆ ಹುಡುಕಬಹುದು. ಬರೆಯುವಾಗ ಹಾಡಿದವರ ಹೆಸರಿನ ಜೊತೆಗೆ ರಾಗ, ಮುದ್ರಣದ ಕಾಲ, ತಬಲಾ ಹಾರ್ಮೋನಿಯಂ ನುಡಿಸಿದವರ ಹೆಸರು ತಿಳಿದಮಟ್ಟಿಗೆ ಇರಲಿ. ಸಾಥಿದಾರರ ಹೆಸರನ್ನು ಫೋನಿನ ಪರದೆ ತೋರಿಸುವುದು ಅಪರೂಪ. ಹಳೆಯ ಕ್ಯಾಸೆಟ್ಟಿನ ಒಳಚೀಟಿಯಲ್ಲಿ ನೀಲಿ ಶಾಯಿಯಿಂದ, ಎ ಬದಿ ಬಿ ಬದಿ ಎಂದು ಗೆರೆಯೆಳೆದು, ನಮ್ಮ ಗೆಳೆಯರು ಇದನ್ನೆಲ್ಲ ತಪ್ಪದೆ ಬರೆಯುತ್ತಿದ್ದರು.